ಕೈಯಲ್ಲಿ ತಿರುಗಿಸುವ ಮಿಲ್ಲಿಂಗ್ ಮೆಷಿನ್ ಸಿಎನ್‌ಸಿ ಆಗಬೇಕಾದರೆ: ಮೊದಲು ಕಬ್ಬಿಣ, ಆಮೇಲೆ ಕಂಪ್ಯೂಟರ್

ಚನ್ನಗಿರಿ ಕಡೆಯಿಂದ ನಮ್ಮ ದಾವಣಗೆರೆ ವರ್ಕ್‌ಶಾಪಿಗೆ ವರ್ಷಾ ವರ್ಷ ಒಂದೇ ಥರದ ಕೆಲಸ ಬರುತ್ತದೆ. ಅಡಿಕೆ ಸುಲಿಯುವ ಮೆಷಿನ್ನಿನ ಬ್ಲೇಡ್ ಪ್ಲೇಟು. 8 ಮಿಲಿಮೀಟರ್ ದಪ್ಪದ ಎಂ.ಎಸ್. (ಸಾದಾ ಮೆದು ಉಕ್ಕು) ಪ್ಲೇಟು, ಅದರಲ್ಲಿ ಬಾಗಿದ ಒಂದು ಸ್ಲಾಟು, ಸುತ್ತ ಆರು ತೂತು. ರೋಟರಿ ಟೇಬಲ್ ಮೇಲೆ ಕಟ್ಟಿ, ಹ್ಯಾಂಡಲ್ ತಿರುಗಿಸುತ್ತಾ ಒಂದೊಂದೇ ತೆಗೆಯಬೇಕಿತ್ತು. 40 ಪೀಸು ಮುಗಿಯುವಷ್ಟರಲ್ಲಿ ಭುಜ ಹಿಡಿದುಕೊಳ್ಳುತ್ತಿತ್ತು. ಸುಸ್ತಾದ ಕೈ ತಪ್ಪು ಮಾಡುತ್ತದೆ, ಅಲ್ವಾ? ಕೊನೆಯ ಪೀಸುಗಳಲ್ಲಿ ಸ್ಲಾಟು ಸ್ವಲ್ಪ ಜಾರಿರುತ್ತಿತ್ತು.

ಹೊಸ ವಿಎಂಸಿ, ಅಂದರೆ ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮೆಷಿನ್, ಕೊಳ್ಳುವ ಶಕ್ತಿ ನಮಗಿರಲಿಲ್ಲ. ಮನೆಯಲ್ಲಿ ಇದ್ದದ್ದು ಎಂ1ಟಿಆರ್ ಅಂತ ಎಲ್ಲರೂ ಕರೆಯುವ, ತಿರುಗುವ ಕಟರಿನಿಂದ ಲೋಹ ಕೆತ್ತುವ ಟರೆಟ್ ಮಿಲ್ಲಿಂಗ್ ಮೆಷಿನ್. ಅದನ್ನೇ ಸಿಎನ್‌ಸಿ ಮಾಡಿದೆವು, ಅಂದರೆ ಹ್ಯಾಂಡಲ್ ಬದಲು ಕಂಪ್ಯೂಟರ್ ಹೇಳಿದಂತೆ ಮೋಟಾರುಗಳು ಅದನ್ನು ಓಡಿಸುವ ಹಾಗೆ. ಈಗ ಅದೇ ಪ್ಲೇಟು ಅದರಲ್ಲೇ ಬರುತ್ತಿದೆ. ನಾವು ಮಾಡಿದ್ದನ್ನು, ಮಾಡುವಾಗ ಎಡವಿದ್ದನ್ನು, ಇನ್ನೊಬ್ಬರು ಮಾಡುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಎನ್‌ಸಿ ಅಂದ ಕೂಡಲೇ ಎಲ್ಲರೂ ಕೇಳುವುದು ಯಾವ ಸಾಫ್ಟ್‌ವೇರು, ಯಾವ ಬೋರ್ಡು ಅಂತ. ಅದು ಕೊನೆಯ ವಾರದ ಕೆಲಸ. ಕೈಯಲ್ಲಿ ನಡೆಸುವಾಗ ಮೆಷಿನ್ ಎಲ್ಲಿ ಸಡಿಲ, ಎಲ್ಲಿ ಬಿಗಿ ಅಂತ ನಮ್ಮ ಕೈಗೆ ಗೊತ್ತಿರುತ್ತದೆ. ನಮಗೇ ತಿಳಿಯದ ಹಾಗೆ ಕೈ ಅದನ್ನು ಸರಿದೂಗಿಸುತ್ತಿರುತ್ತದೆ. ಕಂಪ್ಯೂಟರಿಗೆ ಆ ಕೈ ಇಲ್ಲ. ಮೆಷಿನ್ನಿನಲ್ಲಿ ಇರುವ ತಪ್ಪನ್ನು ಅದು 40 ಪೀಸಿನಲ್ಲೂ ಹಾಗೇ ಇಳಿಸುತ್ತದೆ.

ಮೆಷಿನ್ ಈ ಖರ್ಚಿಗೆ ಯೋಗ್ಯವೇ?

ಹಳೇ ಮೆಷಿನ್ ನೋಡಲು ಹೋದವರು ಮೊದಲು ಹ್ಯಾಂಡಲ್ ಹಿಡಿದು ಅಲುಗಾಡಿಸುತ್ತಾರೆ. ಕಾಲು ಸುತ್ತು ಖಾಲಿ ತಿರುಗಿದರೆ ‘ಇದರಲ್ಲಿ ಪ್ಲೇ ಜಾಸ್ತಿ’ ಅಂತ ಬಿಟ್ಟು ಬರುತ್ತಾರೆ. ನಮ್ಮ ಕೆಲಸಕ್ಕೆ ಅದು ಲೆಕ್ಕಕ್ಕೇ ಇಲ್ಲ. ಟೇಬಲ್ ತಳ್ಳುವ ಆ ಲೀಡ್ ಸ್ಕ್ರೂ, ಆ ನಟ್ ಎರಡನ್ನೂ ನಾವು ಬಿಚ್ಚಿ ಹೊರಗೆ ಹಾಕುವವರು. ಅವುಗಳ ಜಾಗಕ್ಕೆ ಬಾಲ್ ಸ್ಕ್ರೂ, ಬಾಲ್ ನಟ್ ಬರುತ್ತವೆ, ಅವುಗಳಲ್ಲಿ ಎಳೆಯ ನಡುವೆ ಉಕ್ಕಿನ ಬಾಲ್‌ಗಳು ಉರುಳುತ್ತವೆ. ನೋಡಬೇಕಾದದ್ದು ಎರಡೇ: ಸ್ಲೈಡ್ ಜಾರುವ ಮೈ, ಮತ್ತು ಕಟರ್ ತಿರುಗಿಸುವ ಸ್ಪಿಂಡಲ್. ಇವೆರಡು ಹಾಳಾಗಿದ್ದರೆ ಮೆಷಿನ್ ಪುಕ್ಕಟೆ ಕೊಟ್ಟರೂ ಬೇಡ.

ಒಂದು ಡಯಲ್ ಗೇಜು, ಒಂದು ಮ್ಯಾಗ್ನೆಟಿಕ್ ಸ್ಟ್ಯಾಂಡು ತೆಗೆದುಕೊಂಡು ಹೋಗಿ. ಸ್ಪಿಂಡಲ್ಲಿನ ಒಳಗಿನ ಟೇಪರಿಗೆ ಡಯಲ್ ಮುಟ್ಟಿಸಿ ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಮುಳ್ಳು 0.01 ಮಿಲಿಮೀಟರಿನ ಒಳಗೆ ಓಡಾಡಿದರೆ ಬಹಳ ಒಳ್ಳೆಯದು, 0.02 ಆದರೂ ನಡೆಯುತ್ತದೆ. ಆಮೇಲೆ ಟೇಬಲ್ಲನ್ನು ಒಂದು ತುದಿಗೆ ಓಡಿಸಿ, ಆ ತುದಿಯನ್ನು ಕೈಯಿಂದ ಮೇಲಕ್ಕೆ ಎತ್ತಿ ಬಿಡಿ. ಡಯಲ್ ಎಷ್ಟು ಎದ್ದು ಇಳಿಯುತ್ತದೆ ನೋಡಿ. ಇದನ್ನೇ ಎಡ ತುದಿ, ನಡು, ಬಲ ತುದಿ ಮೂರು ಕಡೆ ಮಾಡಿ.

ನಮ್ಮ ಮೆಷಿನ್ ನೋಡಲು ಹರಿಹರದಿಂದ ಒಬ್ಬ ಹಿರಿಯ ಫಿಟ್ಟರ್ ಅವರನ್ನು ಕರೆಸಿದ್ದೆ. ನಮ್ಮ ಭಾಗಕ್ಕೆ ಇದೊಂದು ಪುಣ್ಯ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಶುರುವಾಗಿ ಅಲ್ಲಿ ಲೇತ್‌ಗಳು ತಯಾರಾದವು. ಜಾಗದ ಹೆಸರೇ ಯಂತ್ರಾಪುರ. ಸ್ಕ್ರೇಪರ್ ಹಿಡಿದು ಕಬ್ಬಿಣದ ಮೈ ಕೆರೆದು ಸಮ ಮಾಡಬಲ್ಲ ಕೈಗಳು ಈ ಸುತ್ತಿನಲ್ಲಿ ಇನ್ನೂ ಸಿಗುತ್ತವೆ. ಅವರು ಸ್ಲೈಡಿನ ಸಡಿಲ ತೆಗೆಯುವ ಗಿಬ್ ಪಟ್ಟಿಯ ಸ್ಕ್ರೂ ಸ್ವಲ್ಪ ಬಿಗಿ ಮಾಡಿ, ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿಸಿದರು. ಹ್ಯಾಂಡಲ್ ನಡುವೆ ಹಗುರ, ತುದಿಗಳಲ್ಲಿ ಭಾರ.

‘ತಮ್ಮಾ, ಇದು ನಡುವೆ ಸವೆದೈತಿ. ನಡುವಿಗೆ ಬಿಗಿ ಮಾಡಿದ್ರೆ ತುದೀಲಿ ಹಿಡೀತೈತಿ. ತುದಿಗೆ ಸರಿ ಮಾಡಿದ್ರೆ ನಡುವೆ ಕುಣೀತೈತಿ.’

‘ಹಂಗಾದ್ರೆ ಬೇಡವಾ ಯಜಮಾನ್ರೆ?’

‘ಬ್ಯಾಡ ಅಂದ್ನಾ? ಕೆರೆದ್ರೆ ಆಗ್ತೈತಿ. ಮೋಟ್ರು ಹಾಕೋಕೆ ಅವಸರ ಮಾಡಬ್ಯಾಡ ಅಷ್ಟೆ.’

ನೀಲಿ ಬಣ್ಣ ಹಚ್ಚಿ, ಸರ್ಫೇಸ್ ಪ್ಲೇಟಿಗೆ ಉಜ್ಜಿ, ಎದ್ದು ಕಂಡ ಚುಕ್ಕೆಗಳನ್ನು ಕೆರೆದು, ಮತ್ತೆ ನೀಲಿ ಹಚ್ಚಿ ನೋಡುವ ಕೆಲಸ ಅದು. ಇಡೀ ಪ್ರಾಜೆಕ್ಟಿನಲ್ಲಿ ಕಣ್ಣಿಗೆ ಕಾಣದ ಕೆಲಸ ಇದೇ, ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟಿದ್ದೂ ಇದೇ. ಸವೆತ ಕಡಿಮೆ ಇದ್ದರೆ ಗಿಬ್ ಒಂದನ್ನೇ ಸರಿಮಾಡಿದರೂ ಸಾಕಾಗಬಹುದು.

ಬಿಚ್ಚುವ ಮುಂಚೆ

ಇಲ್ಲಿ ತುಂಬ ಜನ ತಪ್ಪುತ್ತಾರೆ. ಉತ್ಸಾಹದಲ್ಲಿ ಮೆಷಿನ್ ಬಿಚ್ಚಿಬಿಡುತ್ತಾರೆ. ಆಮೇಲೆ ಮೋಟಾರ್ ಬ್ರ್ಯಾಕೆಟ್ ಮಾಡಲು ಮಿಲ್ಲಿಂಗ್ ಮೆಷಿನ್ ಬೇಕಾಗುತ್ತದೆ, ಇದ್ದ ಒಂದು ಮೆಷಿನ್ ನೆಲದ ಮೇಲೆ ತುಂಡು ತುಂಡಾಗಿ ಬಿದ್ದಿರುತ್ತದೆ. ಬೇರಿಂಗ್ ಹೌಸಿಂಗು, ಮೋಟಾರ್ ಪ್ಲೇಟು, ಬಾಲ್ ನಟ್ ಕೂರುವ ಬ್ರ್ಯಾಕೆಟ್ಟು, ಎಲ್ಲವನ್ನೂ ಅದೇ ಮೆಷಿನ್ನಿನಲ್ಲಿ, ಹ್ಯಾಂಡಲ್ ಇರುವಾಗಲೇ ಮಾಡಿ ಮುಗಿಸಿ. ಅದಕ್ಕೆ ಅಳತೆ ಬೇಕು. ಆದ್ದರಿಂದ ಒಂದು ಭಾನುವಾರ ಟೇಬಲ್ ಎತ್ತಿ, ಅಳತೆ ತೆಗೆದು, ಮತ್ತೆ ಹಾಗೇ ಜೋಡಿಸಿಬಿಡಿ. ಹೌದು, ಎರಡು ಸಲ ಬಿಚ್ಚುವ ಕೆಲಸ. ಆದರೂ ಮಾಡಿ.

ಟೇಬಲ್ ಎತ್ತಲು ಚೈನ್ ಬ್ಲಾಕ್ ಬೇಕೇ ಬೇಕು. ಅಳತೆಯಲ್ಲಿ ಮುಖ್ಯವಾದದ್ದು ಟೇಬಲ್ಲಿನ ಕೆಳಗಿರುವ ಸ್ಯಾಡಲ್ಲಿನ ಒಳಗೆ, ಹಳೇ ನಟ್ ಕೂತಿದ್ದ ಕಡೆ ಎಷ್ಟು ಜಾಗ ಇದೆ ಅನ್ನುವುದು. ಬಾಲ್ ನಟ್ ಹಳೇ ಕಂಚಿನ ನಟ್ಟಿಗಿಂತ ದಪ್ಪ. ಕ್ಯಾಟಲಾಗಿನಲ್ಲಿ ನಟ್ಟಿನ ಹೊರ ವ್ಯಾಸ, ಫ್ಲ್ಯಾಂಜ್ ವ್ಯಾಸ ನೋಡಿ, ಅದೇ ಅಳತೆಯ ಒಂದು ಮರದ ತುಂಡನ್ನು ಲೇತಿನಲ್ಲಿ ತಿರುಗಿಸಿ ಕೂರಿಸಿ ನೋಡಿ. ಆರ್ಡರ್ ಮಾಡುವ ಮುಂಚೆ ಈ ಒಂದು ಗಂಟೆ ಖರ್ಚು ಮಾಡಿ. ಪಾರ್ಟು ತಪ್ಪಾಗಿ ಬಂದರೆ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಪೀಣ್ಯದ ತನಕ ಹೋಗಿ ಬರಲು ಒಂದು ದಿನ ಪೂರ್ತಿ ಬೇಕು.

ಬಾಲ್ ಸ್ಕ್ರೂ

ನಾವು ಎಕ್ಸ್‌ಗೆ, ಅಂದರೆ ಟೇಬಲ್ಲಿನ ಎಡ-ಬಲ ಓಟಕ್ಕೆ, 32 ಮಿಲಿಮೀಟರ್ ವ್ಯಾಸ, 5 ಮಿಲಿಮೀಟರ್ ಲೀಡ್ (ಒಂದು ಸುತ್ತಿಗೆ ನಟ್ ಸರಿಯುವ ದೂರ) ಇರುವುದನ್ನು ಹಾಕಿದೆವು. ವೈ ಕಡೆ, ಅಂದರೆ ಹಿಂದೆ-ಮುಂದೆ ಓಟಕ್ಕೆ, ಜಾಗ ಕಡಿಮೆ, ಅಲ್ಲಿ 25 ವ್ಯಾಸ, ಅದೇ 5 ಲೀಡ್. ಮಾರ್ಕೆಟ್ಟಿನಲ್ಲಿ ಸಿ7, ಸಿ5 ಅಂತ ಗ್ರೇಡ್ ಸಿಗುತ್ತದೆ. ಸಿ7 ಅಂದರೆ 300 ಮಿಲಿಮೀಟರ್ ಓಟದಲ್ಲಿ 0.05 ತನಕ ತಪ್ಪು ಇರಬಹುದು. ಸಿ5 ಆದರೆ 0.018. ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ಪ್ಲೇಟು, ಬ್ರ್ಯಾಕೆಟ್ಟು, ಪುಲ್ಲಿ ಥರದ ಕೆಲಸಕ್ಕೆ ಸಿ7 ಸಾಕು. ಡೈ, ಮೋಲ್ಡ್ ಮಾಡುವವರು ಸಿ5ಗೆ ಹೋಗಿ. ಗ್ರೇಡಿಗಿಂತ ನಾನು ಜಾಸ್ತಿ ಒತ್ತಿ ಹೇಳುವುದು ಪ್ರೀಲೋಡ್ ಬಗ್ಗೆ, ಅಂದರೆ ಸಡಿಲ ಉಳಿಯದಂತೆ ನಟ್ಟಿನ ಬಾಲ್‌ಗಳನ್ನು ಮೊದಲೇ ಒತ್ತಿ ಹಿಡಿದಿರುವುದು. ಸಿಂಗಲ್ ನಟ್ಟಿನಲ್ಲಿ ಚೂರು ಪ್ಲೇ ಉಳಿದೇ ಇರುತ್ತದೆ. ಡಬಲ್ ನಟ್ ಅಥವಾ ದಪ್ಪ ಬಾಲ್ ತುಂಬಿದ ನಟ್ ತೆಗೆದುಕೊಳ್ಳಿ.

ತುದಿಗಳ ಮಷಿನಿಂಗನ್ನು ಡ್ರಾಯಿಂಗ್ ಕೊಟ್ಟು ಸಪ್ಲೈಯರ್ ಹತ್ತಿರವೇ ಮಾಡಿಸಿ. ಸ್ಕ್ರೂ ಮೈ ಗಟ್ಟಿ ಮಾಡಿದ ಉಕ್ಕು, ಸಾದಾ ಟೂಲ್ ಕಚ್ಚುವುದಿಲ್ಲ. ಮತ್ತೆ, ನಟ್ಟನ್ನು ಸ್ಕ್ರೂವಿನಿಂದ ಸುಮ್ನೆ ಹೊರಗೆ ತಿರುಗಿಸಬೇಡಿ. ನಾನು ಒಮ್ಮೆ ಗ್ರೀಸ್ ನೋಡಲೆಂದು ತುದಿಯ ತನಕ ತಂದೆ, ಒಂದೇ ಎಳೆ ದಾಟಿದ್ದು, ಬಾಲ್‌ಗಳು ಸುರಿದು ನೆಲದ ತುಂಬ ಹರಡಿದವು. ಎರಡು ಬಾಲ್ ಸಿಗಲೇ ಇಲ್ಲ. ಸ್ಕ್ರೂವಿನ ತಳ ವ್ಯಾಸಕ್ಕಿಂತ ಕೂದಲೆಳೆಯಷ್ಟು ಸಣ್ಣ ಇರುವ ಒಂದು ಪೈಪು ಮಾಡಿಕೊಂಡು, ಅದನ್ನು ಸ್ಕ್ರೂವಿನ ತುದಿಗೆ ಒತ್ತಿ ಹಿಡಿದು, ನಟ್ಟನ್ನು ಅದರ ಮೇಲೆ ಜಾರಿಸಬೇಕು.

ಬೇರಿಂಗ್ ವಿಷಯಕ್ಕೆ ಬನ್ನಿ. ಒಂದು ತುದಿ ಗಟ್ಟಿ, ಇನ್ನೊಂದು ತುದಿ ತೇಲುವ ಹಾಗೆ. ಗಟ್ಟಿ ತುದಿಯಲ್ಲಿ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಎರಡು, ಬೆನ್ನಿಗೆ ಬೆನ್ನು ಕೊಟ್ಟು. ನಾವು ಹಾಕಿದ್ದು 7205 ಜೋಡಿ. ಲಾಕ್ ನಟ್ ಬಿಗಿದರೆ ಎರಡೂ ಒಂದನ್ನೊಂದು ಒತ್ತಿ ಹಿಡಿಯುತ್ತವೆ. ಇನ್ನೊಂದು ತುದಿಯಲ್ಲಿ ಸಾದಾ ಡೀಪ್ ಗ್ರೂವ್ ಬೇರಿಂಗ್, ಹೌಸಿಂಗಿನಲ್ಲಿ ಜಾರುವ ಫಿಟ್. ಯಾಕೆ ಅಂದರೆ ಸ್ಕ್ರೂ ಓಡಿ ಓಡಿ ಬಿಸಿಯಾಗುತ್ತದೆ. 1 ಮೀಟರ್ ಉಕ್ಕಿನ ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಸುಮಾರು 0.12 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಸುಮ್ಮನೆ ಕಟ್ಟಿಹಾಕಿದರೆ ಅದು ಬಾಗಬೇಕಾಗುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಶೀಟ್ ಕೆಳಗೆ ಕೆಲಸ ಮಾಡುವ ನಮಗೆ ಇದು ಪುಸ್ತಕದ ಮಾತಲ್ಲ.

ಕೂರಿಸುವಾಗ ಸ್ಕ್ರೂ ಸ್ಲೈಡಿಗೆ ಸಮಾನಾಂತರ ಇರಬೇಕು. ಡಯಲ್ ಸ್ಟ್ಯಾಂಡನ್ನು ಸ್ಲೈಡಿನ ಮೇಲೆ ಜಾರಿಸುತ್ತಾ ಸ್ಕ್ರೂವಿನ ಮೇಲ್ಮೈ ಒಮ್ಮೆ, ಪಕ್ಕ ಒಮ್ಮೆ ನೋಡಿ. ಎರಡು ಕಡೆಯೂ 0.02ರ ಒಳಗೆ ತನ್ನಿ. ಶಿಮ್ ಹಾಕುವುದಾದರೆ ಹಾಕಿ, ನಾಚಿಕೆ ಬೇಡ. ಕೊನೆಗೆ ಟೇಬಲ್ಲನ್ನು ಗಟ್ಟಿ ಬೇರಿಂಗಿನ ಹತ್ತಿರ ತಂದು ನಟ್ಟಿನ ಬೋಲ್ಟುಗಳನ್ನು ಅಲ್ಲಿ ಬಿಗಿಯಿರಿ. ಆಮೇಲೆ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ ಈ ತುದಿಯಿಂದ ಆ ತುದಿಗೆ ಹೋಗಿ. ಎಲ್ಲೂ ಕೈಗೆ ಭಾರ ಬದಲಾಗಬಾರದು. ಬದಲಾದರೆ ಮೋಟಾರ್ ಹಾಕಬೇಡಿ, ಹಿಂದಕ್ಕೆ ಹೋಗಿ ಸರಿಮಾಡಿ. ನಮಗೆ ಇದಕ್ಕೇ ಮೂರು ದಿನ ಹಿಡಿಯಿತು.

ನೀ ಭಾಗದ ಸ್ಕ್ರೂ ಬದಲಾಯಿಸಬೇಡಿ

ಝಡ್ ಅಂದರೆ ಮೇಲೆ-ಕೆಳಗೆ ಓಟ. ಅದಕ್ಕೆ ಸ್ಪಿಂಡಲ್ ಹೊತ್ತ ಕ್ವಿಲ್ ಓಡಿಸಬೇಕೇ, ಟೇಬಲ್ ಹೊತ್ತ ಕೆಳಗಿನ ‘ನೀ’ (ಇಂಗ್ಲಿಷಿನ knee, ಮೊಣಕಾಲು) ಏರಿಳಿಸಬೇಕೇ? ಕ್ವಿಲ್ ಹಗುರ, ಬೇಗ ಓಡುತ್ತದೆ, ಆದರೆ ಓಟ ಕಡಿಮೆ, ಕೆಳಗೆ ಇಳಿದಷ್ಟೂ ಅಲುಗಾಟ ಜಾಸ್ತಿ. ನಾನು ನೀ ಆರಿಸಿಕೊಂಡೆ. ಕ್ವಿಲ್ ಕೈಯಲ್ಲಿ ಡ್ರಿಲ್ ಮಾಡಲು ಹಾಗೇ ಉಳಿಯಿತು.

ನೀ, ಸ್ಯಾಡಲ್, ಟೇಬಲ್, ವೈಸ್ ಎಲ್ಲ ಸೇರಿ 300ರಿಂದ 350 ಕೆಜಿ ಭಾರ ಯಾವಾಗಲೂ ಕೆಳಕ್ಕೆ ಎಳೆಯುತ್ತಿರುತ್ತದೆ. ಆ ಭಾರವೇ ಸ್ಕ್ರೂವಿನ ಎಳೆಯನ್ನು ಒಂದೇ ಕಡೆಗೆ ಒತ್ತಿ ಹಿಡಿಯುತ್ತದೆ. ಅಲ್ಲಿ ಪ್ಲೇ ಇದ್ದರೂ ಅದು ಕೆಲಸ ಕೆಡಿಸುವುದಿಲ್ಲ. ಇನ್ನೂ ದೊಡ್ಡ ಲಾಭ, ಹಳೇ ಚೌಕ ಎಳೆಯ ಸ್ಕ್ರೂ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ಬಾಲ್ ಸ್ಕ್ರೂ ಹಾಕಿದರೆ ಕರೆಂಟ್ ಹೋದ ಕ್ಷಣ ನೀ ಜಾರಿ ಕೆಳಗೆ ಬರುತ್ತದೆ, ಅದರ ಕೆಳಗೆ ಯಾರ ಕೈ ಇದೆಯೋ ಅದು ನೋಡುವುದಿಲ್ಲ. ಬಾಲ್ ಸ್ಕ್ರೂ ಹಾಕಲೇಬೇಕು ಅನ್ನುವವರು ಬ್ರೇಕ್ ಇರುವ ಸರ್ವೋ ಮೋಟಾರ್ (ಎಷ್ಟು ತಿರುಗಿದೆ ಅಂತ ಅಳೆದು ಸರಿಮಾಡಿಕೊಳ್ಳುವ ಮೋಟಾರ್) ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಹಳೇ ಸ್ಕ್ರೂ ಉಳಿಸಿಕೊಂಡರೂ ಬ್ರೇಕ್ ಇರುವುದನ್ನೇ ಹಾಕಿ ಅಂತ ನನ್ನ ಸಲಹೆ.

ಬೆಲೆ ಇಲ್ಲದೆ ಬರುವುದಿಲ್ಲ. ಹಳೇ ಸ್ಕ್ರೂವಿನಲ್ಲಿ ಮುಕ್ಕಾಲು ಪಾಲು ಬಲ ಉಜ್ಜಾಟಕ್ಕೇ ಹೋಗುತ್ತದೆ. 350 ಕೆಜಿ ಎತ್ತಲು 5 ಮಿಲಿಮೀಟರ್ ಲೀಡಿನಲ್ಲಿ ಸುಮಾರು 11 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಸಣ್ಣ ಮೋಟಾರ್ ಆದರೆ ಬೆಲ್ಟಿನಲ್ಲಿ ಐದಕ್ಕೆ ಒಂದು ಇಳಿಸಿ. ಝಡ್ ನಿಧಾನ ಆಗುತ್ತದೆ, ಆಗಲಿ.

ಮೋಟಾರ್, ಬೆಲ್ಟು, ಒಂದಿಷ್ಟು ಲೆಕ್ಕ

ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟಾರ್ ಅಗ್ಗ. ಆದರೆ ವೇಗ ಏರಿದ ಹಾಗೆ ಅದರ ಬಲ ಇಳಿಯುತ್ತದೆ, ಭಾರ ಜಾಸ್ತಿಯಾದರೆ ಹೆಜ್ಜೆ ತಪ್ಪುತ್ತದೆ, ತಪ್ಪಿದ್ದನ್ನು ಯಾರಿಗೂ ಹೇಳುವುದಿಲ್ಲ. ಪೀಸು ಕೆಟ್ಟ ಮೇಲೆ ನಮಗೆ ಗೊತ್ತಾಗುತ್ತದೆ. ತಿರುಗಿದ್ದನ್ನು ಅಳೆಯುವ ಎನ್‌ಕೋಡರ್ ಇರುವ ಕ್ಲೋಸ್ಡ್ ಲೂಪ್ ಸ್ಟೆಪ್ಪರ್ ತಪ್ಪಿದರೆ ಅಲಾರಂ ಕೊಟ್ಟು ನಿಲ್ಲುತ್ತದೆ, ಕೈಗೆ ಎಟುಕುವ ಬೆಲೆಗೆ ಅದು ಒಳ್ಳೆಯದು. ನಾವು ಎಕ್ಸ್, ವೈ ಎರಡಕ್ಕೂ 750 ವ್ಯಾಟಿನ ಎಸಿ ಸರ್ವೋ ಹಾಕಿದೆವು. ಸಿಂಗಲ್ ಫೇಸ್ 230 ವೋಲ್ಟಿನಲ್ಲಿ ನಡೆಯುತ್ತದೆ.

ಆ ಮೋಟಾರಿನ ಟಾರ್ಕ್ ಸುಮಾರು 2.4 ನ್ಯೂಟನ್ ಮೀಟರ್, 3000 ಆರ್‌ಪಿಎಂ. ಮೋಟಾರಿಗೆ 24 ಹಲ್ಲು, ಸ್ಕ್ರೂವಿಗೆ 48 ಹಲ್ಲಿನ ಪುಲ್ಲಿ, 5ಎಂ ಟೈಮಿಂಗ್ ಬೆಲ್ಟು. ಟಾರ್ಕ್ ಎರಡರಷ್ಟಾಗಿ 4.8 ಆಯಿತು. 5 ಮಿಲಿಮೀಟರ್ ಲೀಡಿನ ಸ್ಕ್ರೂವಿನಲ್ಲಿ ಅದು 500 ಕೆಜಿಗೂ ಮೀರಿದ ತಳ್ಳುವ ಬಲ. ವೇಗ ಅಂದರೆ 1500 ಸುತ್ತಿಗೆ 5 ಮಿಲಿಮೀಟರ್, ನಿಮಿಷಕ್ಕೆ 7.5 ಮೀಟರ್. ಹಳೇ ಮೆಷಿನ್ನಿಗೆ ಅಷ್ಟು ಬೇಡ. ನಾವು ನಿಮಿಷಕ್ಕೆ 4.8 ಮೀಟರಿಗೆ ನಿಲ್ಲಿಸಿದ್ದೇವೆ.

ಬೆಲ್ಟ್ ಯಾಕೆ, ನೇರ ಕಪ್ಲಿಂಗ್ ಹಾಕಬಹುದಲ್ಲ ಅಂತ ಕೇಳುತ್ತಾರೆ. ಹಾಕಬಹುದು. ಆದರೆ ಮೋಟಾರ್ ಟೇಬಲ್ಲಿನ ತುದಿಯಿಂದ ಒಂದು ಮೊಳ ಹೊರಗೆ ಚಾಚಿಕೊಂಡಿರುತ್ತದೆ. ಬೆಲ್ಟ್ ಆದರೆ ಟೇಬಲ್ಲಿನ ಕೆಳಗೆ ಮಡಚಿ ಕೂರುತ್ತದೆ, ಓಡಾಡುವವರ ಮೊಣಕಾಲಿಗೆ ತಾಗುವುದಿಲ್ಲ.

ವೈರಿಂಗ್: ಇಲ್ಲಿ ಜಿಪುಣತನ ಬೇಡ

ವಿದ್ಯುತ್ ಕೆಲಸ ಗೊತ್ತಿಲ್ಲದಿದ್ದರೆ ಪ್ಯಾನೆಲ್ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನನ್ನು ಜೊತೆಗೆ ಇಟ್ಟುಕೊಳ್ಳಿ. ಸರ್ವೋ ಡ್ರೈವಿನ ಒಳಗೆ ಕೆಪ್ಯಾಸಿಟರ್ ಇರುತ್ತದೆ. ಮೇನ್ ಆಫ್ ಮಾಡಿದರೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ. ಚಾರ್ಜ್ ಲ್ಯಾಂಪ್ ಆರುವ ತನಕ, ಕಡಿಮೆ ಅಂದರೂ 10 ನಿಮಿಷ, ಮುಟ್ಟಬೇಡಿ.

ಎಮರ್ಜೆನ್ಸಿ ಬಟನ್ ಸಾಫ್ಟ್‌ವೇರಿಗೆ ಹೇಳುವ ಬಟನ್ ಆಗಬಾರದು. ಅದು ಕಾಂಟ್ಯಾಕ್ಟರ್ (ಪವರ್ ಸೇರಿಸಿ ಬಿಡಿಸುವ ದೊಡ್ಡ ರಿಲೇ) ಬಿಡಿಸಿ ಡ್ರೈವಿನ ಪವರ್ ಕಡಿಯಬೇಕು. ಕಂಪ್ಯೂಟರ್ ಹ್ಯಾಂಗ್ ಆದ ಹೊತ್ತಿನಲ್ಲೇ ಅದು ಬೇಕಾಗುವುದು. ಮೆಷಿನ್ ನಿಲ್ಲಿಸುವ ಸ್ವಿಚ್‌ಗಳೆಲ್ಲ ನಾರ್ಮಲಿ ಕ್ಲೋಸ್ಡ್, ಅಂದರೆ ಒತ್ತದಿದ್ದಾಗ ಕರೆಂಟ್ ಹರಿಯುವಂಥವು, ಇರಲಿ. ಇಲಿ ವೈರ್ ಕಡಿದರೂ ಮೆಷಿನ್ ನಿಲ್ಲಬೇಕು. ಕಾಂಟ್ಯಾಕ್ಟರ್ ಸ್ಟಾರ್ಟ್ ಬಟನ್ ಒತ್ತಿದರೆ ಮಾತ್ರ ಹಿಡಿದುಕೊಳ್ಳುವಂತೆ ವೈರ್ ಮಾಡಿ. ಕರೆಂಟ್ ಹೋಗಿ ಬಂದಾಗ ಮೆಷಿನ್ ತಾನಾಗಿ ಎಚ್ಚರಗೊಳ್ಳಬಾರದು. ಇನ್ನೊಂದು, ಸ್ಪಿಂಡಲ್ಲಿನ ವೇಗ ಬದಲಿಸುವ ವಿಎಫ್‌ಡಿ ಟ್ರಿಪ್ ಆದರೆ ಟೇಬಲ್ ಕೂಡ ನಿಲ್ಲುವ ಹಾಗೆ ಅದರ ಫಾಲ್ಟ್ ರಿಲೇಯನ್ನು ಕಂಟ್ರೋಲಿಗೆ ಕೊಡಿ. ನಿಂತ ಕಟರ್ ಮೇಲೆ ಟೇಬಲ್ ತಳ್ಳಿದರೆ ಕಟರ್ ಮುರಿದೇ ಮುರಿಯುತ್ತದೆ.

ನಾನು ಮಾಡಿದ ಒಂದು ತಪ್ಪು ಬರೆಯಬೇಕು. ನೋಡಲು ಅಂದವಾಗಿರಲಿ ಅಂತ ವಿಎಫ್‌ಡಿ ಕೇಬಲ್, ಎನ್‌ಕೋಡರ್ ಕೇಬಲ್, ಓಟದ ತುದಿಯಲ್ಲಿ ಮೆಷಿನ್ ನಿಲ್ಲಿಸುವ ಲಿಮಿಟ್ ಸ್ವಿಚ್ಚಿನ ವೈರ್ ಎಲ್ಲವನ್ನೂ ಒಂದೇ ಚಾನೆಲ್ಲಿನಲ್ಲಿ ಹಾಕಿದ್ದೆ. ಸ್ಪಿಂಡಲ್ ಆಫ್ ಇದ್ದಾಗ ಎಲ್ಲ ಸರಿ. ಆನ್ ಮಾಡಿದ ಕೂಡಲೇ ಲಿಮಿಟ್ ಅಲಾರಂ, ಕೆಲವೊಮ್ಮೆ ಎಕ್ಸ್ ತಾನಾಗಿ ಚೂರು ಜಿಗಿಯುತ್ತಿತ್ತು. ನಾಲ್ಕು ದಿನ ಸಾಫ್ಟ್‌ವೇರಿನಲ್ಲಿ ಹುಡುಕಿದೆ. ಕೊನೆಗೆ ವಿಎಫ್‌ಡಿ ಕೇಬಲ್ ಬಿಚ್ಚಿ ನೆಲದ ಮೇಲೆ ಬೇರೆ ದಾರಿಯಲ್ಲಿ ಎಳೆದಾಗ ಎಲ್ಲ ನಿಂತಿತು. ಮೋಟಾರ್ ಕೇಬಲ್ಲೂ ಸಿಗ್ನಲ್ ಕೇಬಲ್ಲೂ ಒಂದು ಅಡಿ ದೂರ ಇರಲಿ. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಶೀಲ್ಡ್ ಇರುವ ಕೇಬಲ್ ಹಾಕಿ. ಅರ್ತ್ ವೈರುಗಳು ಒಂದರಿಂದ ಒಂದಕ್ಕೆ ಸರಪಳಿ ಆಗದೆ ಎಲ್ಲವೂ ಒಂದೇ ತಾಮ್ರದ ಪಟ್ಟಿಗೆ ಬರಲಿ. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬೇಡಿ. ಚಿತ್ರದುರ್ಗದ ಕಡೆ ಕಲ್ಲು ನೆಲದವರಿಗೆ ಇದು ಇನ್ನೂ ಮುಖ್ಯ.

ಕಂಟ್ರೋಲರ್

ನಾವು ಬಳಸುವುದು ಲಿನಕ್ಸ್‌ಸಿಎನ್‌ಸಿ. ಪುಕ್ಕಟೆ ಸಿಗುತ್ತದೆ, ಹಳೇ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಜೊತೆಗೆ ನೆಟ್‌ವರ್ಕ್ ಕೇಬಲ್ಲಿನಲ್ಲಿ ಸೇರುವ ಮೆಸಾ 7ಐ76ಇ ಬೋರ್ಡು. ಕೆಲವರು ಮ್ಯಾಕ್3 ಬಳಸುತ್ತಾರೆ, ಕೆಲವರು ಪೆಟ್ಟಿಗೆಯಂತೆ ಬರುವ ಚೀನಾ ಕಂಟ್ರೋಲರ್ ಹಾಕುತ್ತಾರೆ. ಕಂಪ್ಯೂಟರ್ ತಲೆನೋವು ಬೇಡ ಅನ್ನುವವರಿಗೆ ಕೊನೆಯದು ಸುಲಭ.

ಬೋರ್ಡ್ ಆರಿಸುವ ಮುಂಚೆ ಈ ಲೆಕ್ಕ ಹಾಕಿ. ಡ್ರೈವಿನಲ್ಲಿ ಮೋಟಾರಿನ ಒಂದು ಸುತ್ತಿಗೆ 5000 ಪಲ್ಸ್ ಅಂತ ಇಟ್ಟಿದ್ದೇವೆ. ಸ್ಕ್ರೂ ಒಂದು ಸುತ್ತಿಗೆ ಮೋಟಾರ್ ಎರಡು ಸುತ್ತು, ಅಂದರೆ 5 ಮಿಲಿಮೀಟರಿಗೆ 10000 ಪಲ್ಸ್. 1 ಮಿಲಿಮೀಟರಿಗೆ 2000. ನಿಮಿಷಕ್ಕೆ 4.8 ಮೀಟರ್ ಅಂದರೆ ಸೆಕೆಂಡಿಗೆ 80 ಮಿಲಿಮೀಟರ್. ಸೆಕೆಂಡಿಗೆ 1,60,000 ಪಲ್ಸ್ ಬೇಕಾಯಿತು. ಹಳೇ ಪ್ರಿಂಟರ್ ಪೋರ್ಟ್ ಇಷ್ಟು ಕೊಡಲಾರದು, ಮೆಸಾ ಆರಾಮಾಗಿ ಕೊಡುತ್ತದೆ. ಪ್ರಿಂಟರ್ ಪೋರ್ಟೇ ಗತಿ ಅನ್ನುವವರು ಸುತ್ತಿಗೆ 1000 ಪಲ್ಸಿಗೆ ಇಳಿಸಿ, ವೇಗವನ್ನೂ ಅರ್ಧ ಮಾಡಿಕೊಳ್ಳಿ.

ಸೆಟ್ಟಿಂಗ್ ಫೈಲಿನಲ್ಲಿ ಸ್ಕೇಲ್ 2000, ಗರಿಷ್ಠ ವೇಗ 80 ಅಂತ ಬರೆಯುತ್ತೇವೆ. ಶುರುವಿನಲ್ಲಿ ವೇಗ 20ಕ್ಕೆ ಇಡಿ. ಡ್ರಾಯಿಂಗಿನಿಂದ ಪ್ರೋಗ್ರಾಮ್ ಮಾಡಲು ಫ್ರೀಕ್ಯಾಡ್ ಸಾಕು, ಅದೂ ಪುಕ್ಕಟೆ.

ಮೊದಲ ಸಲ ಓಡಿಸುವುದು

ಬೆಲ್ಟ್ ಬಿಚ್ಚಿಟ್ಟು ಮೋಟಾರ್ ಮಾತ್ರ ಓಡಿಸಿ. ದಿಕ್ಕು ಸರಿ ಇದೆಯಾ, ಎಮರ್ಜೆನ್ಸಿ ಒತ್ತಿದರೆ ನಿಲ್ಲುತ್ತದಾ, ಲಿಮಿಟ್ ಸ್ವಿಚ್ಚಿಗೆ ಕೈಯಲ್ಲಿ ಒಂದು ಸ್ಪ್ಯಾನರ್ ಹಿಡಿದರೆ ಸ್ಕ್ರೀನಿನ ಮೇಲೆ ತೋರುತ್ತದಾ ನೋಡಿ.

ದಿಕ್ಕಿನ ವಿಷಯದಲ್ಲಿ ಹೊಸಬರೆಲ್ಲ ತಬ್ಬಿಬ್ಬಾಗುತ್ತಾರೆ. ಸಿಎನ್‌ಸಿಯಲ್ಲಿ ಪ್ಲಸ್, ಮೈನಸ್ ಹೇಳುವುದು ಟೂಲ್ ಎತ್ತ ಹೋಯಿತು ಅಂತ, ಟೇಬಲ್ ಎತ್ತ ಹೋಯಿತು ಅಂತ ಅಲ್ಲ. ಆದ್ದರಿಂದ ಎಕ್ಸ್ ಪ್ಲಸ್ ಅಂದರೆ ಟೇಬಲ್ ಎಡಕ್ಕೆ ಹೋಗಬೇಕು. ವೈ ಪ್ಲಸ್ ಅಂದರೆ ಟೇಬಲ್ ನಿಮ್ಮ ಹೊಟ್ಟೆಯ ಕಡೆಗೆ ಬರಬೇಕು. ಝಡ್ ಪ್ಲಸ್ ಅಂದರೆ ನೀ ಕೆಳಗೆ ಇಳಿಯಬೇಕು. ಇದು ತಲೆಕೆಳಗಾಗಿದ್ದರೆ ತೂತುಗಳು ಕನ್ನಡಿಯಲ್ಲಿ ಕಂಡ ಹಾಗೆ ಬರುತ್ತವೆ. ಝಡ್ ತಪ್ಪಿದ್ದರೆ ಕಟರ್ ಸೀದಾ ವೈಸಿಗೆ ಇಳಿಯುತ್ತದೆ.

ಹೋಮಿಂಗ್, ಅಂದರೆ ಮೆಷಿನ್ ತನ್ನ ಸೊನ್ನೆ ಜಾಗ ಹುಡುಕಿಕೊಳ್ಳುವುದನ್ನು, ಚೆನ್ನಾಗಿ ಮಾಡಿಕೊಳ್ಳಿ. ನಮ್ಮ ಊರಿನಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಅರ್ಧ ಕೆಲಸದಲ್ಲಿ ನಿಂತರೆ ಮತ್ತೆ ಅದೇ ಜಾಗಕ್ಕೆ ಬರಬೇಕು. ಪ್ರಾಕ್ಸಿಮಿಟಿ ಸ್ವಿಚ್ ಒಂದನ್ನೇ ನಂಬಿದರೆ ಬಿಸಿ, ಎಣ್ಣೆ, ಚಿಪ್ಸ್‌ಗೆ ಚೂರು ಆಚೀಚೆ ಆಗುತ್ತದೆ. ಸ್ವಿಚ್ ಸಿಕ್ಕಿದ ಮೇಲೆ ಎನ್‌ಕೋಡರ್ ಸುತ್ತಿಗೊಮ್ಮೆ ಕೊಡುವ ಇಂಡೆಕ್ಸ್ ಪಲ್ಸ್ ಹುಡುಕಿ ನಿಲ್ಲುವಂತೆ ಮಾಡಿ. ನಮ್ಮಲ್ಲಿ ಮೋಟಾರಿನ ಒಂದು ಸುತ್ತು ಅಂದರೆ 2.5 ಮಿಲಿಮೀಟರ್. ಸ್ವಿಚ್ ಎರಡು ಇಂಡೆಕ್ಸಿನ ನಟ್ಟನಡುವೆ ಸಿಗುವ ಹಾಗೆ ಸರಿಸಿಡಿ. ಇಂಡೆಕ್ಸಿನ ಪಕ್ಕದಲ್ಲೇ ಸ್ವಿಚ್ ಇದ್ದರೆ ಒಂದು ದಿನ ಈ ಇಂಡೆಕ್ಸ್, ಮರುದಿನ ಮುಂದಿನದು ಸಿಕ್ಕಿ ಪೂರಾ 2.5 ಮಿಲಿಮೀಟರ್ ತಪ್ಪುತ್ತದೆ.

ಅಳೆಯುವುದು, ಸರಿಮಾಡುವುದು

ಟೇಬಲ್ಲಿಗೆ ಡಯಲ್ ಮುಟ್ಟಿಸಿ 0.1 ಮುಂದೆ, 0.1 ಮುಂದೆ, ಆಮೇಲೆ 0.1 ಹಿಂದೆ ಓಡಿಸಿ. ಹಿಂದೆ ಬರುವಾಗ ಡಯಲ್ ಎಷ್ಟು ಕಡಿಮೆ ತೋರಿಸಿತೋ ಅಷ್ಟೇ ಪ್ಲೇ. ನಮಗೆ ಮೊದಲು 0.04 ಬಂತು. ನಟ್ ಮೇಲೆ ಅನುಮಾನ ಬಂದರೂ ತಪ್ಪು ಇದ್ದದ್ದು ಬೇರಿಂಗಿನ ಲಾಕ್ ನಟ್ಟಿನಲ್ಲಿ. ಬಿಗಿ ಮಾಡಿದ ಮೇಲೆ 0.01ಕ್ಕೆ ಇಳಿಯಿತು. ಸಾಫ್ಟ್‌ವೇರಿನಲ್ಲಿ ಈ ಪ್ಲೇಯನ್ನು ಲೆಕ್ಕದಲ್ಲಿ ಸರಿದೂಗಿಸುವ ಬ್ಯಾಕ್‌ಲ್ಯಾಶ್ ಕಾಂಪನ್ಸೇಶನ್ ಅಂತ ಒಂದು ಆಟ ಇದೆ. ಅದನ್ನು ಕೊನೆಯ 0.01ಕ್ಕೆ ಮಾತ್ರ ಬಳಸಿ. ಕಟರ್ ಟೇಬಲ್ಲನ್ನು ಎಳೆದರೆ ಯಾವ ಸಾಫ್ಟ್‌ವೇರೂ ಅದನ್ನು ಹಿಡಿದು ನಿಲ್ಲಿಸಲಾರದು.

ಉದ್ದದ ಅಳತೆಗೆ ಸ್ಲಿಪ್ ಗೇಜ್, ಅಂದರೆ ಖಚಿತ ಅಳತೆಯ ತುಂಡುಗಳು, ಬೇಕು. ನಿಮ್ಮಲ್ಲಿ ಇಲ್ಲದಿದ್ದರೆ ಊರಿನ ಇಂಜಿನಿಯರಿಂಗ್ ಕಾಲೇಜಿನ ಮೆಟ್ರಾಲಜಿ ಲ್ಯಾಬಿನಲ್ಲಿ ಕೇಳಿ ನೋಡಿ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ದುಂಡು. ಅಲ್ಯೂಮಿನಿಯಂ ಪ್ಲೇಟಿನಲ್ಲಿ 100 ಮಿಲಿಮೀಟರ್ ವ್ಯಾಸದ ದುಂಡು ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿ. ಮೇಲೆ, ಕೆಳಗೆ, ಎಡ, ಬಲ ನಾಲ್ಕು ಜಾಗದಲ್ಲಿ ಸಣ್ಣ ಮೆಟ್ಟಿಲು ಕಂಡರೆ ಅದು ಪ್ಲೇ. ಓರೆಯಾಗಿ, 45 ಡಿಗ್ರಿಯಲ್ಲಿ ಅಳೆದಾಗ ಮೊಟ್ಟೆಯಾಕಾರ ಇದ್ದರೆ ಎರಡು ಕಾರಣ ಇರಬಹುದು. ಅದೇ ದುಂಡನ್ನು ಈಗ ಉಲ್ಟಾ ದಿಕ್ಕಿನಲ್ಲಿ ಕತ್ತರಿಸಿ. ಮೊಟ್ಟೆ ಆ ಕಡೆಯಿಂದ ಈ ಕಡೆಗೆ ತಿರುಗಿದರೆ ಎಕ್ಸ್, ವೈ ಸರ್ವೋ ಗೇನ್ (ತಪ್ಪನ್ನು ಎಷ್ಟು ಚುರುಕಾಗಿ ತಿದ್ದಿಕೊಳ್ಳುತ್ತದೆ ಅನ್ನುವ ಸೆಟ್ಟಿಂಗ್) ಸಮ ಇಲ್ಲ, ಎರಡಕ್ಕೂ ಒಂದೇ ಪೊಸಿಷನ್ ಗೇನ್ ಕೊಡಿ. ಎರಡು ಸಲವೂ ಅದೇ ಕಡೆಗೆ ವಾಲಿದ್ದರೆ ಎಕ್ಸ್, ವೈ ಒಂದಕ್ಕೊಂದು 90 ಡಿಗ್ರಿಯಲ್ಲಿ ಇಲ್ಲ. ಅದು ಮತ್ತೆ ಕಬ್ಬಿಣದ ಕೆಲಸ, ಫಿಟ್ಟರನ್ನು ಕರೆಯಬೇಕು.

ಕತ್ತರಿಸುವುದು

ಮೊದಲ ಪ್ರೋಗ್ರಾಮನ್ನು ಗಾಳಿಯಲ್ಲಿ ಓಡಿಸಿ. ಎರಡನೆಯದಕ್ಕೆ ಕಟರ್ ಬದಲು ಬಾಲ್ ಪೆನ್ ಕಟ್ಟಿ ಹಾಳೆಯ ಮೇಲೆ ಬರೆಸಿ. ಆಮೇಲೆ ಕಬ್ಬಿಣ. 10 ಮಿಲಿಮೀಟರಿನ ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್‌ಮಿಲ್ ಕಟರ್ ಎಂ.ಎಸ್.ನಲ್ಲಿ 800 ಆರ್‌ಪಿಎಂ ಹತ್ತಿರ, ಹಲ್ಲಿಗೆ 0.04ರಂತೆ ನಿಮಿಷಕ್ಕೆ ಸುಮಾರು 130 ಮಿಲಿಮೀಟರ್ ಫೀಡು. ಕಾರ್ಬೈಡ್ ಆದರೆ 2500 ಆರ್‌ಪಿಎಂ, 400 ಫೀಡು. ವಿಎಫ್‌ಡಿ ಇದೆ ಅಂತ ಮೋಟಾರನ್ನು ತೀರಾ ಕೆಳಗಿನ ಹರ್ಟ್ಜಿನಲ್ಲಿ ಓಡಿಸಬೇಡಿ, ಫ್ಯಾನೂ ನಿಧಾನ ಆಗಿ ಮೋಟಾರ್ ಬಿಸಿಯಾಗುತ್ತದೆ. ವೇಗ ತುಂಬ ಇಳಿಸಬೇಕಾದಾಗ ಪುಲ್ಲಿಯ ಬೆಲ್ಟ್ ಬದಲಾಯಿಸಿ.

ಹೊಸ ಅಭ್ಯಾಸ ಒಂದು ಬೇಕು. ಹ್ಯಾಂಡಲ್ ತಿರುಗಿಸುವಾಗ ಎಣ್ಣೆ ಒಣಗಿದ್ದು ಕೈಗೆ ಗೊತ್ತಾಗುತ್ತಿತ್ತು. ಈಗ ಆಗುವುದಿಲ್ಲ. 68 ಗ್ರೇಡಿನ ಸ್ಲೈಡ್‌ವೇ ಆಯಿಲ್ ಹಾಕಿ, ಪಂಪಿನ ಹಿಡಿಯನ್ನು ಎರಡು ಗಂಟೆಗೊಮ್ಮೆ ಎಳೆಯಲು ಗಡಿಯಾರ ನೋಡಿಕೊಳ್ಳಿ. ಬಾಲ್ ಸ್ಕ್ರೂವಿನ ಮೇಲೆ ಚಿಪ್ಸ್ ಬೀಳದಂತೆ ರಬ್ಬರ್ ಬೆಲ್ಲೋ ಹಾಕಿ. ಪಾಲಿಕಾರ್ಬನೇಟ್ ಶೀಟಿನ ಒಂದು ಮರೆ ಕಟ್ಟಿ. ಟೇಬಲ್ ಓಡುವಾಗ ಚಿಪ್ಸ್ ಗುಡಿಸಲು ಕೈ ಹಾಕುವ ಹಳೇ ಚಾಳಿಯನ್ನು ಕೆಲಸದ ಹುಡುಗರಿಗೆ ಮೊದಲ ದಿನವೇ ಬಿಡಿಸಿ. ಹ್ಯಾಂಡಲ್ ಕೈಯಲ್ಲಿದ್ದಾಗ ಟೇಬಲ್ ನಿಮ್ಮ ಮಾತು ಕೇಳುತ್ತಿತ್ತು. ಈಗ ಅದು ಪ್ರೋಗ್ರಾಮಿನ ಮಾತು ಕೇಳುತ್ತದೆ.

ಒಂದು ತಿಂಗಳು ಓಡಿದ ಮೇಲೆ ಗಿಬ್, ಲಾಕ್ ನಟ್, ಬೆಲ್ಟ್ ಬಿಗಿತ ಮೂರನ್ನೂ ಇನ್ನೊಮ್ಮೆ ನೋಡಿ. ಹೊಸದಾಗಿ ಕೆರೆದ ಮೈ ಸ್ವಲ್ಪ ಕೂತಿರುತ್ತದೆ. ನಮ್ಮದರಲ್ಲಿ ಎಕ್ಸ್ ಗಿಬ್ ಕಾಲು ಸುತ್ತು ಬಿಗಿ ಮಾಡಬೇಕಾಯಿತು. ಅದೇ ದಿನ ಸೆಟ್ಟಿಂಗ್ ಫೈಲುಗಳನ್ನೂ ಡ್ರೈವಿನ ಪ್ಯಾರಾಮೀಟರ್‌ಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ, ಕೈಯಲ್ಲಿ ಬರೆದ ವೈರಿಂಗ್ ಡ್ರಾಯಿಂಗ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪ್ಯಾನೆಲ್ ಬಾಗಿಲಿನ ಒಳಗಡೆ ಅಂಟಿಸಿಡಿ.